ಗಂಜಿ ಹಾಕಿಟ್ಟ ಅಂಗಿ

ಮೇ ತಿಂಗಳಲ್ಲಿ ಮೆರಿದಾ ಊರಿನಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಲ್ಲುವ ಕೆಲಸ ನನ್ನ ಶತ್ರುವಿಗೂ ಬೇಡ. ಹೊರಗೆ ನಲವತ್ತೊಂದು ಡಿಗ್ರಿ, ಒಳಗೆ ಎರಡು ಇಸ್ತ್ರಿ ಪೆಟ್ಟಿಗೆ, ಮೂಲೆಯಲ್ಲಿ ಗಂಜಿ ಕಾಯಿಸುವ ಒಲೆ. ಫ್ಯಾನು ಹಾಕೋಣವೆಂದರೆ ಗಂಜಿಯಲ್ಲಿ ಅದ್ದಿದ ಬಟ್ಟೆ ಇಸ್ತ್ರಿಗೆ ಮೊದಲೇ ಒಣಗಿ ಕೂರುತ್ತದೆ. ಇಪ್ಪತ್ತೆಂಟು ವರ್ಷದಿಂದ ನಾನೂ ನನ್ನ ಅತ್ತಿಗೆ ನೆಲ್ಸಿಯೂ ಎದುರುಬದುರು ನಿಂತು ಈ ಊರಿನ ಗಂಡಸರ ಗುವಾಯಬೆರಾಗಳನ್ನು ಒತ್ತುತ್ತಿದ್ದೇವೆ. ನಾಲ್ಕು ಜೇಬು, ಎದೆಯ ಮೇಲೆ ಸಣ್ಣ ಸಣ್ಣ ನೆರಿಗೆಯ ಸಾಲು, ಪ್ಯಾಂಟಿನ ಮೇಲೆ ಇಳಿಬಿಡುವ ಬಿಳಿ ಅಂಗಿ. ಒಂದೊಂದು ನೆರಿಗೆಯನ್ನೂ ಬೇರೆಯಾಗಿ ಒತ್ತಬೇಕು. ವಕೀಲರು, ಡಾಕ್ಟರು ಬೆಳಿಗ್ಗೆ ಗರಿಗರಿಯಾಗಿ ಹೊರಡುತ್ತಾರಲ್ಲ, ಆ ಗರಿಗರಿಯೆಲ್ಲ ನಮ್ಮ ಸೊಂಟದಿಂದ ಹೋದದ್ದು.

ನೆಲ್ಸಿ ತೆಕಿತ್ ಊರಿನವಳು. ಆ ಊರಲ್ಲಿ ಹೆಣ್ಣುಮಕ್ಕಳು ಅಕ್ಷರಕ್ಕೆ ಮೊದಲು ನೆರಿಗೆ ಹೊಲಿಯುವುದನ್ನು ಕಲಿಯುತ್ತಾರೆ. ಹತ್ತೊಂಬತ್ತಕ್ಕೆ ನನ್ನ ಅಣ್ಣ ಗಾಸ್ಪರನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಅಣ್ಣ ಜನನ ಮರಣ ನೋಂದಣಿ ಕಚೇರಿಯಲ್ಲಿ ಗುಮಾಸ್ತ. ಕಿಟಕಿಯ ಮುಂದೆ ಮಗು ಎತ್ತಿಕೊಂಡವರೂ ಅಳುವವರೂ ಒಂದೇ ಸಾಲಿನಲ್ಲಿ ನಿಲ್ಲುವ ಜಾಗ. ಅಲ್ಲಿ ಬೆವರಿನ ಅಂಗಿಯಲ್ಲಿ ಕೂರಬಾರದು ಎನ್ನುವುದು ನೆಲ್ಸಿಯ ಹಟ. ದಿನಕ್ಕೆ ಮೂರು ಸ್ನಾನ, ಸ್ನಾನವಾದ ಮೇಲೆ ಹತ್ತು ನಿಮಿಷ ಜೋಲಿಯಲ್ಲಿ ಸುಮ್ಮನೆ ಮಲಗಿ ಮೈ ತಣಿಸಿಕೊಂಡೇ ಅಂಗಿ ತೊಡಬೇಕು, ಒಳಗೆ ತೆಳು ಬನಿಯನ್ನು, ಚೀಲದಲ್ಲಿ ಮಧ್ಯಾಹ್ನಕ್ಕೆ ಇನ್ನೊಂದು ಅಂಗಿ. ಅಣ್ಣ ಗೊಣಗುತ್ತಲೇ ಎಲ್ಲಕ್ಕೂ ತಲೆಬಾಗಿದ. ಆದರೂ ಸಂಜೆ ಬಸ್ಸಿಳಿದು ಬರುವಾಗ ಮುದ್ದೆಯಾಗಿಯೇ ಬರುತ್ತಿದ್ದ, ಪಾಪ.

ಅವಳ ಬೀರುವಿನ ವಿಷಯ ಹೇಳದಿದ್ದರೆ ಅವಳ ವಿಷಯ ಹೇಳಿದಂತೆಯೇ ಅಲ್ಲ. ದೇವದಾರು ಮರದ ಬೀರು. ಎಡಕ್ಕೆ ಮನೆಯಲ್ಲಿ ಉಡುವ, ಹಿಪಿಲ್ ಎಂಬ ಸಡಿಲ ಬಿಳಿ ನಿಲುವಂಗಿ ಎರಡು, ಆಮೇಲೆ ಚರ್ಚಿಗೆ ಉಡುವ ಕಸೂತಿ ಹಿಪಿಲ್ ಎರಡು, ಒಂದು ಕಪ್ಪು ಶಾಲು, ಅವಳದ್ದು ಅಷ್ಟೇ. ಉಟ್ಟದ್ದು ಹರಿದ ಮೇಲೆಯೇ ಹೊಸದು. ಪ್ರತಿ ತಿಂಗಳ ಮೊದಲ ಭಾನುವಾರ ಎಲ್ಲವನ್ನೂ ಹೊರಗೆ ತೆಗೆದು ಗಾಳಿಗೆ ಹಾಕಿ, ಹಲಗೆ ಒರೆಸಿ, ಮತ್ತೆ ಅದೇ ಕ್ರಮದಲ್ಲಿ ಇಡುತ್ತಾಳೆ. ನನ್ನ ಬೀರು ಕಂಡರೆ ಅವಳಿಗೆ ಮೈಯೆಲ್ಲ ಉರಿ.

"ಇದೇನೇ ಸೋಕೊ, ಬೀರುನೋ ಕೋಳಿ ಗೂಡೋ?"

"ನಿನ್ನ ಹಾಗೆ ನಾಲ್ಕೇ ಬಟ್ಟೆ ಇದ್ದಿದ್ರೆ ನಾನೂ ನೀಟಾಗಿ ಇಡ್ತಿದ್ದೆ" ಎನ್ನುತ್ತೇನೆ.

ನಮ್ಮ ಕಸುಬಿನಲ್ಲಿ ಮೀರಬಾರದ್ದು ಎರಡು. ತೊಡುವ ಬಟ್ಟೆಗೆ ಗಂಜಿ ಹಾಕು, ಎತ್ತಿಡುವ ಬಟ್ಟೆಯಿಂದ ಗಂಜಿ ತೊಳೆದು ತೆಗೆ. ತೆಗೆಯದಿದ್ದರೆ ಈ ಸೆಕೆಗೆ, ಈ ತೇವಕ್ಕೆ, ಬೆಳ್ಳಿ ಬಣ್ಣದ ಸಣ್ಣ ಹುಳು ಬಂದು ಗಂಜಿಯ ಜೊತೆ ಬಟ್ಟೆಯನ್ನೂ ತಿಂದುಹಾಕುತ್ತದೆ. ಇನ್ನೊಂದು, ಇಸ್ತ್ರಿ ಮಾಡಿದ ಬಿಸಿ ಕೈಯನ್ನು ಅವತ್ತು ತಣ್ಣೀರಿಗೆ ಹಾಕುವಂತಿಲ್ಲ. ನರ ಸೆಟೆದು ಬೆರಳು ಹಿಡಿದುಕೊಳ್ಳುತ್ತವೆ. ಅದಕ್ಕೇ ಆ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವನು ನನ್ನ ಅಣ್ಣ, ಅವನ ನಂತರ ಅವರ ಮಗ ರುಸೆಲ್.

ಆ ರುಸೆಲ್‌ಗೆ ಈ ಮೇ ತಿಂಗಳಲ್ಲಿ ಮದುವೆ ಗೊತ್ತಾಯಿತು. ಹುಡುಗಿ ಲಾಂಡಿ ಒಳ್ಳೆಯವಳು. ಅವಳ ತಾಯಿ ಎರ್ಮಿಲಾ ಮಾತ್ರ ಬಾಡಿಗೆ ಬಟ್ಟೆ ಅಂಗಡಿಯ ಚಿತ್ರದ ಪುಸ್ತಕ ಹಿಡಿದೇ ಮನೆಗೆ ಬಂದಳು.

"ನೋಡಿ ಬೀಗಿತ್ತಿ, ಗಂಡಸರಿಗೆಲ್ಲ ಕಪ್ಪು ಕೋಟು. ಫೋಟೋದಲ್ಲಿ ಚೆನ್ನಾಗಿ ಬರತ್ತೆ."

"ಮೇ ತಿಂಗಳಲ್ಲಿ, ಮಧ್ಯಾಹ್ನ ಹನ್ನೆರಡು ಗಂಟೆಗೆ ಕಪ್ಪು ಕೋಟಾ?" ಎಂದಳು ನೆಲ್ಸಿ. "ಮದುವೆ ಮಾಡ್ತೀರೋ, ಗಂಡಸರನ್ನ ಹಂದಿ ಥರ ಗುಂಡೀಲಿ ಹೂತು ಬೇಯಿಸ್ತೀರೋ?"

"ಮತ್ತೇನ್ರೀ ಹಾಕ್ಕೋತಾನೆ ಮದುಮಗ?"

"ಅವರಪ್ಪನ ಗುವಾಯಬೆರಾ. ತುಂಬು ತೋಳಿಂದು, ಲಿನನ್ನು. ನಮ್ಮ ಮದುವೇಲಿ ಅವರು ಹಾಕಿದ್ದು. ಬೀರುನಲ್ಲಿ ಹೊಸದರ ಹಾಗೇ ಇದೆ."

"ಹಳೇ ಅಂಗೀನಾ! ಸರಿ, ಗುರುವಾರದೊಳಗೆ ತೋರಿಸಿಬಿಡಿ. ಇಲ್ಲಾಂದ್ರೆ ಹುಡುಗನ ಅಳತೆಗೂ ಒಂದು ಕೋಟು ಹೇಳಿಬಿಡ್ತೀನಿ."

ನೆಲ್ಸಿ ಗೆದ್ದವಳಂತೆ ನನ್ನ ಕಡೆ ನೋಡಿದಳು. ನಾನು ಕಣ್ಣು ತಪ್ಪಿಸಿದೆ. ಆ ಅಂಗಿಯನ್ನು ಬೀರುವಿನಲ್ಲಿಟ್ಟವಳು ನಾನು.

ಒಂಬತ್ತು ವರ್ಷದ ಹಿಂದಿನ ಮಾತು. ಅಣ್ಣ ಹದಿನೇಳು ದಿನ ಆಸ್ಪತ್ರೆಯಲ್ಲಿದ್ದ. ನಾಳೆ ಬೆಳಿಗ್ಗೆ ಮನೆಗೆ ಕಳಿಸುತ್ತೇವೆ, ಬಟ್ಟೆ ತನ್ನಿ ಎಂದರು. ನೆಲ್ಸಿ ದಿನವಿಡೀ ಊರವರ ಅಂಗಿ ಒತ್ತಿ, ಕೊನೆಗೆ ಆ ಮದುವೆ ಅಂಗಿಯನ್ನು ತೆಗೆದು, ಗಂಜಿ ಹಾಕಿ, ನೆರಿಗೆ ನೆರಿಗೆಯನ್ನೂ ಒತ್ತಿ ಬಾಗಿಲಿಗೆ ನೇತುಹಾಕಿದಳು. ಆಸ್ಪತ್ರೆಯಿಂದ ಬರುವವನಿಗೆ ಮದುವೆ ಅಂಗಿ ಯಾಕೆ ಎಂದರೆ, "ಬೀದಿಯವರೆಲ್ಲ ನೋಡಲಿ, ಎದ್ದು ಬಂದ ಅಂತ" ಎಂದಳು. ಬೆಳಿಗ್ಗೆ ನಾವು ಹೊರಡುವ ಮೊದಲೇ ಫೋನು ಬಂತು. ಆ ಅಂಗಿಯಲ್ಲೇ ಮಣ್ಣು ಮಾಡೋಣವೆಂದರೆ ಅವಳು ಕೊಡಲಿಲ್ಲ. ಅದು ಮನೆಗೆ ಬರೋಕೆ ಒತ್ತಿದ್ದು, ಹೋಗೋಕಲ್ಲ ಎಂದು ಕಿರುಚಿದಳು. ಅಣ್ಣ ನೀಲಿ ಅಂಗಿಯಲ್ಲಿ ಹೋದ. ಬಾಗಿಲಿಗೆ ತೂಗುತ್ತಿದ್ದುದನ್ನು ಅವಳ ಕಣ್ಣಿಗೆ ಬೀಳದಂತೆ ಕಪ್ಪು ಚೀಲಕ್ಕೆ ಹಾಕಿ ಬೀರುವಿನ ಬಲತುದಿಯಲ್ಲಿ ತೂಗುಹಾಕಿದೆ, ಗಂಜಿ ಸಮೇತ. ಆಮೇಲೆ ತೊಳೆದರಾಯಿತು ಎಂದುಕೊಂಡೆ. ಆಮೇಲೆ ಎನ್ನುವುದು ಬರಲೇ ಇಲ್ಲ.

ಅವಳು ತೊಳೆದಿರಬಹುದೇನೋ ಎಂಬ ಆಸೆ ನನಗೆ. ಬುಧವಾರದವರೆಗೂ ಬಾಯಿ ಬಿಡಲಿಲ್ಲ, ಹೇಡಿ ನಾನು. ಅದರ ಮೇಲೆ ರುಸೆಲ್ ಪಾತ್ರೆ ತೊಳೆಯುತ್ತ ಹೇಳಿದ: "ಅತ್ತೆ, ಅಮ್ಮನಿಗೋಸ್ಕರ ಅಲ್ಲ, ನನಗೇ ಅಪ್ಪನ ಅಂಗಿ ಬೇಕು. ಅವತ್ತು ನನ್ನ ಮೈ ಮೇಲೆ ಅಪ್ಪಂದು ಏನಾದರೂ ಇರಲಿ."

ಬುಧವಾರ ಸಂಜೆ ನಾಲ್ಕಕ್ಕೆ ಕೊನೆಯ ಅಂಗಿ ಒತ್ತಿ ಮುಗಿಸಿದೆವು. ಕಾಲು ಊದಿಕೊಂಡಿತ್ತು. ನೆಲ್ಸಿ ಬೀರು ತೆರೆದು ಚೀಲ ಬಿಚ್ಚಿದಳು. ಅಂಗಿಯನ್ನು ಬೆಳಕಿಗೆ ಹಿಡಿದರೆ ಕಾಲರಿನ ಕೆಳಗೆ, ಎಡ ಭುಜದ ಮೇಲೆ, ಎದೆಯ ನೆರಿಗೆಗಳಲ್ಲಿ ತೂತು. ಎಣಿಸಿದೆ, ಹನ್ನೊಂದು. ಉಳಿದ ಬಟ್ಟೆ ಹಳದಿ ತಿರುಗಿ ಇನ್ನೂ ಸೆಟೆದು ನಿಂತಿತ್ತು.

"ಅತ್ತಿಗೆ, ನಂದೇ ತಪ್ಪು" ಎಂದೆ. ಅಳು ಬಂತು. "ಗಂಜಿ ತೆಗೀದೆ ಇಟ್ಟವಳು ನಾನು. ನಾನು ಹಾಳಾಗಿ ಹೋಗ."

"ಸುಮ್ನಿರೇ. ಇಟ್ಟಿದ್ದು ನಾನು ನೋಡಿದ್ದೆ."

"ನೋಡಿದ್ಯಾ?"

"ಪ್ರತಿ ತಿಂಗಳೂ ಈ ಬೀರು ಖಾಲಿ ಮಾಡ್ತೀನಲ್ಲ, ಕಣ್ಣು ಕುರುಡಾ ನಂಗೆ? ಈ ಚೀಲ ಒಂದನ್ನ ಆ ಕಡೆ ಸರಿಸಿ ಈ ಕಡೆ ತರ್ತಿದ್ದೆ. ಬಿಚ್ಚಲಿಲ್ಲ." ಅವಳು ಜೋಲಿಯ ಅಂಚಿಗೆ ಕುಸಿದು ಕೂತಳು. "ಗಂಜಿ ತೊಳೆದ್ರೆ ಅವರು ಇನ್ನು ಬರಲ್ಲ ಅಂತ ನಾನೇ ಹೇಳಿದ ಹಾಗಾಗತ್ತೆ ಅನ್ನಿಸ್ತಿತ್ತು ಕಣೇ. ಹುಚ್ಚು. ಹುಳ ಬೀಳತ್ತೆ ಅಂತ ಊರಿಗೆಲ್ಲ ಬುದ್ಧಿ ಹೇಳಿದೆ. ನನ್ನ ಮಗನಿಗೆ ತೂತಿನ ಅಂಗಿ ಉಳಿಸಿದೆ."

ಇಷ್ಟು ವರ್ಷದಲ್ಲಿ ಅವಳು ಅಷ್ಟು ಸುಸ್ತಾಗಿ ಕೂತದ್ದನ್ನು ನಾನು ಕಂಡಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಅಂಗಿ ಹಿಡಿದು ಹಿತ್ತಲಿನ ತೊಟ್ಟಿಯ ಕಡೆ ನಡೆದಳು. ನನಗೆ ಗಾಬರಿಯಾಯಿತು.

"ಅತ್ತಿಗೆ, ಕೈ ಬಿಸಿ ಇದೆ! ನಾಳೆ ಬೆಳಿಗ್ಗೆ ತೊಳಿ!"

"ನಾಳೆ ಬೆಳಿಗ್ಗೆ ಅಂತಾನೇ ಒಂಬತ್ತು ವರ್ಷ ಆಯ್ತಲ್ಲೇ."

ಮೊಣಕೈವರೆಗೂ ತಣ್ಣೀರಿಗೆ ಇಳಿಸಿದಳು. ನಾನು ಶಿಲುಬೆಯ ಗುರುತು ಹಾಕಿಕೊಂಡೆ. ನೀರು ಬೆಳ್ಳಗೆ ಮಂಕಾಯಿತು. ನಾಲ್ಕು ಸಲ ನೀರು ಬದಲಿಸಿ, ಐದನೆಯದು ತಿಳಿಯಾಗುವವರೆಗೂ ಅವಳು ಕೈ ತೆಗೆಯಲಿಲ್ಲ.

ಗುರುವಾರ ಅವಳ ಬಲಗೈ ಬೆರಳು ಮಡಚಲು ಬರಲಿಲ್ಲ. ನಾನು ಹೇಳಿರಲಿಲ್ಲವೇ! ಹಾಗಾಗಿ ಹನ್ನೊಂದು ತೂತು ಹೊಲಿದವಳು ನಾನು, ಪಕ್ಕದಲ್ಲಿ ಕೂತು ಬೈದವಳು ಅವಳು. ಮೂರು ಸಲ ಬಿಚ್ಚಿಸಿದಳು. ಸಂಜೆ ಎರ್ಮಿಲಾ ಬಂದು ಕನ್ನಡಕ ಏರಿಸಿ ನೋಡಿದಳು. ಎದೆಯ ತೂತುಗಳು ನೆರಿಗೆಯೊಳಗೆ ಅಡಗಿದ್ದವು, ಭುಜದ ಮೇಲಿನದು ಅವಳ ಕಣ್ಣಿಗೆ ಬೀಳಲಿಲ್ಲ. "ಇಸ್ತ್ರಿ ಮಾಡಿದರೆ ನಡೆಯುತ್ತೆ" ಎಂದು ಮುಖ ಸೊಟ್ಟಗೆ ಮಾಡಿ ಹೋದಳು.

ಶನಿವಾರ, ಮದುವೆಯ ದಿನ ಬೆಳಿಗ್ಗೆ ನಾನು ಗಂಜಿ ಕಾಯಿಸಿದೆ. ನೆಲ್ಸಿ ಒಲೆ ಆರಿಸಿದಳು.

"ಒಂದು ಚೂರಾದ್ರೂ ಹಾಕೇ ಅತ್ತಿಗೆ. ಹನ್ನೆರಡಕ್ಕೆ ಮುದ್ದೆಯಾಗತ್ತೆ."

"ಬೇಡ. ಹಾಕಿದ್ದು ಸಾಕು."

ಬರೀ ನೀರು ಚಿಮುಕಿಸಿ ಎಡಗೈಯಲ್ಲೇ ಒತ್ತಿದಳು. ಸಾಂತಿಯಾಗೋ ಚರ್ಚಿನಲ್ಲಿ ಪಾದ್ರಿಯ ಮಾತು ಮುಗಿಯುವುದೇ ಇಲ್ಲ. ಎರ್ಮಿಲಾ ಕಡೆಯ ಗಂಡಸರು ಕಪ್ಪು ಕೋಟಿನಲ್ಲಿ ಬೆವರಿ ತೊಪ್ಪೆಯಾದರು. ಹುಡುಗಿಯ ಅಪ್ಪನಂತೂ ಉಂಗುರ ಬದಲಿಸುವ ಮೊದಲೇ ಕೋಟು ಬಿಚ್ಚಿ ಬೆಂಚಿನ ಕೆಳಗೆ ತುರುಕಿದ. ರುಸೆಲ್‌ಗೆ ಸೆಕೆ ಕಾಡಲಿಲ್ಲ, ಆದರೆ ಅಂಗಿ ಬೆನ್ನಿನ ಮೇಲೆ ಸುಕ್ಕುಗಟ್ಟಿ, ತೋಳು ಜೋತುಬಿದ್ದು, ನೆರಿಗೆಗಳೆಲ್ಲ ಮಲಗಿಬಿಟ್ಟಿದ್ದವು. ಹಿಂದಿನ ಸಾಲುಗಳಲ್ಲಿ ನಾವು ಇಸ್ತ್ರಿ ಮಾಡಿಕೊಡುವ ಅರ್ಧ ಊರೇ ಕೂತಿತ್ತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಎರ್ಮಿಲಾ ಬೀಸಣಿಗೆಯ ಮರೆಯಿಂದ ಬಗ್ಗಿದಳು. "ಏನ್ರೀ ಬೀಗಿತ್ತಿ, ಇಸ್ತ್ರಿ ಮಾಡೋರ ಮನೆ ಮಗ, ಹೀಗಾ ನಿಲ್ಲೋದು?"

ನೆಲ್ಸಿ ಮಗನ ಬೆನ್ನಿನಿಂದ ಕಣ್ಣು ತೆಗೆಯಲಿಲ್ಲ.

"ಅವರಪ್ಪ ಸಂಜೆ ಮನೆಗೆ ಬರುವಾಗ ಹೀಗೇ ಇರ್ತಿದ್ದರು" ಎಂದಳು.

ಆಮೇಲೆ ಮಡಚಲಾಗದ ಆ ಕೈಯನ್ನು ನನ್ನ ಮಡಿಲಿಗೆ ಹಾಕಿದಳು. ಪೂಜೆ ಮುಗಿಯುವವರೆಗೂ ಅದನ್ನು ತಿಕ್ಕುತ್ತ ಕೂತೆ.