ಟಗರಿನ ಸರದಾಗ ಒಂದು ಕವಡೆ ಕಡಿಮೆ

ನಮ್ಮವ್ವ ಹಟ ಹಿಡಿದ್ರ ಮುಗೀತು. ಡಿ. ಹಿರೇಹಾಳ್ ಕಡೆ ನಮ್ಮದು ಕುರಿ ಕಾಯೋ ಮನೆತನ. ಹಿಂಡಿನ ಮುಂದ ನಡೆಯೋ ಟಗರಿನ ಕವಡೆ ಸರದಾಗ ಒಂದು ಕವಡೆ ಉದುರಿಹೋಗಿತ್ತು. ಅರೆಕೊರೆ ಸರ ಹಾಕಿ ಬಿಟ್ರ ಹಿಂಡಿಗೆ ದೃಷ್ಟಿ ತಾಕತೈತಿ ಅಂತ ಅವ್ವ ಟಗರನ್ನ ಗೂಟಕ್ಕೇ ಕಟ್ಟಿಬಿಟ್ಲು. ಮುಂದಾಳಿಲ್ಲದ ಕುರಿ ದಿಕ್ಕಾಪಾಲಾಗಿ ಕಂಡೋರ ಹೊಲಕ್ಕೆ ನುಗ್ಗತಿದ್ವು. ದಿನಾ ಬೈಗುಳ. ರಾಯದುರ್ಗದ ಅಂಗಡಿಯಾಗ ಒಂದು ತಂದ್ರಾತು ಅಂದ್ರ, "ಯಾರ ಕೈದೋ ಏನೋ, ಬ್ಯಾಡ" ಅನ್ನೋಳು.

ನಾನು ಟೀಚರು. ವಿಶಾಖಪಟ್ಟಣದಾಗ ಟ್ರೈನಿಂಗ್ ಬಿತ್ತು. ಅವ್ವ ಚೀಲ ಹಿಡಕೊಂಡು ನನಗಿಂತ ಮೊದಲ ಆಟೋ ಹತ್ತಿ ಕುಂತ್ಲು. ನಾವು ಕುರಿ ಉಣ್ಣೆ ಕತ್ತರಿಸಿದಂಗ, ಸಮುದ್ರದ ಹುಳಾನೂ ವರ್ಷಕ್ಕೊಮ್ಮೆ ಕವಡೆ ಬಿಚ್ಚಿ ದಂಡಿಗಿಟ್ಟು ಹೊಸದು ಬೆಳಸ್ಕೊತಾವಂತ; ಅಂಥದೊಂದನ್ನ ತಾನೇ ಆರಿಸಿ ತರತಾಳಂತ. ಯಾರು ಹೇಳಿದ್ರು ಅಂದೆ. "ಕುರಿಯೋರಿಗೆ ಇದನ್ನ ಯಾರು ಹೇಳಬೇಕು?" ಅಂದ್ಲು. ನಗು ಬಂತು. ನನಗೂ ಸರಿಯಾಗಿ ಗೊತ್ತಿರಲಿಲ್ಲ ಅನ್ನೋದು ಬ್ಯಾರೆ ಮಾತು.

ಅಲ್ಲಿ ಬೆಳ್ಳಂಬೆಳಗ್ಗೆ ಸಮುದ್ರದ ನೀರು ಹಿಂದಕ್ಕ ಇಳಿದಿತ್ತು. ಬಂಡೆಗಳ ನಡುವಿನ ಗುಂಡಿಗಳಾಗ ಆಕಾಶ ಅಲ್ಲಾಡತಿತ್ತು. ಅಲೆ ಸದ್ದು ಎಲ್ಲೋ ದೂರ, ನಿದ್ದೆಗಣ್ಣಾಗ ಕೇಳಿದಂಗ. ಅವ್ವ ಸೀರಿ ಎತ್ತಿಕಟ್ಟಿ ನೀರಾಗ ಮೆಲ್ಲಗ ನಡೀತಿದ್ಲು, ಯಾವ ಲೋಕದಾಗಿದ್ಲೋ. ಮೀನು ಮಾರೋ ಹೆಂಗಸೊಬ್ಬಳು ಕರೆದು ಬಂಡೆಯ ಬುಡ ತೋರಿಸಿದ್ಲು. ಅಲ್ಲಿ ಕರೀ ಪಟ್ಟೆಯ ಮೆತ್ತನ್ನದೊಂದು ಉಂಡೆ. ಅವ್ವ ಬೆರಳು ತಾಕಿಸಿದ್ಲು. ಆ ಕರೀ ಮೈಯೆಲ್ಲ ಎರಡೂ ಕಡೆ ನಿಧಾನ ಸರಿದು ಒಳಗ ಹೋತು. ಹಳದಿ ಕವಡೆ ಫಳಫಳ ಹೊಳೀತು. ಅಯ್ಯಯ್ಯ, ಎಂಥಾ ಚೆಲುವು! ನನ್ನ ಕಣ್ಣಾಗ ನೀರೇ ಬಂತು.

"ಇದು ಕವಡೆ ಯಾವಾಗ ಬಿಚ್ಚತೈತಿ?" ಅವ್ವ ತೆಲುಗಿನಾಗ ಕೇಳಿದ್ಲು.

"ಬಿಚ್ಚೋದೆಲ್ಲಿ ಬಂತು? ಸತ್ತ ಮ್ಯಾಲೇ," ಅಂದ್ಲು ಆಕಿ. "ಹಿಡಿದು ಮಣ್ಣಾಗ ಹೂಳ್ತಾರ, ಒಳಗಿಂದು ಕೊಳೀತೈತಿ, ತೊಳೆದು ಮಾರತಾರ. ಬೇಕಾದ್ರ ತಗೊಳ್ರಿ."

ಅವ್ವ ಅದನ್ನ ಅಂಗೈಯಾಗ ಇಟ್ಕೊಂಡು ಬಾಳ ಹೊತ್ತು ನಿಂತ್ಲು. ಒಳಗಿನ ಹುಳ ಮತ್ತ ಹೊರಗ ಬಂದು ಆಕಿ ಕೈಮ್ಯಾಲೆ ಇಷ್ಟಿಷ್ಟೇ ಹರಿದಾಡ್ತು.

"ತಗೋಬೇ, ಇದಕ್ಕೇ ಬಂದೀವಲ್ಲ!" ನಾನೇ ರೇಗಿದೆ. ಟಗರು ಗೂಟದಾಗೈತಿ, ಬೈಗುಳ ತಿನ್ನೋರು ನಾವು. ಅವ್ವ ಬಗ್ಗಿ ಅದನ್ನ ಬಂಡೆಯ ಬುಡಕ್ಕೇ ಬಿಟ್ಲು.

ಊರಿಗೆ ಬಂದ ದಿನಾನೇ ಅದೇ ಅರೆಕೊರೆ ಸರ ಹಾಕಿ ಟಗರನ್ನ ಹಿಂಡಿನ ಮುಂದ ಬಿಟ್ಲು. ಪಕ್ಕದ ಹೊಲದಾಕಿ ಬೇಲಿ ಆಚೆಯಿಂದ ಕೂಗಿದ್ಲು: "ಅಷ್ಟು ದೂರ ಹೋಗಿ ಒಂದೂ ಸಿಗಲಿಲ್ಲೇನ್ರೀ?"

"ಸಿಕ್ಕಿತ್ರೀ," ಅಂದ್ಲು ಅವ್ವ. "ಒಳಗ ಮಂದಿ ಇದ್ರು. ಬಿಟ್ಟು ಬಂದೆ."