ಲಕ್ಕಜ್ಜಿಯ ಹಲ್ಲು ಸೆಟ್ಟು, ನನ್ನ ಫೈನಲ್ ಇಯರ್ರು

ಗುಬ್ಬಿ ಸಂತೆಯಲ್ಲಿ ಒಮ್ಮೆ ನನಗೆ ಏಟು ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

ಎಂಬತ್ತರ ದಶಕದ ಮಾತು. ಬೆಲ್ಲದಂಗಡಿ ಮುಂದೆ ಕೂತಿದ್ದ ಯಜಮಾನರೊಬ್ಬರು ದೊಡ್ಡದಾಗಿ ಆಕಳಿಸಿದರು. ಬಾಯಲ್ಲಿ ಒಂದೇ ಒಂದು ಹಲ್ಲಿಲ್ಲ! ನನಗೋ ನಿಧಿ ಸಿಕ್ಕಷ್ಟು ಸಂತೋಷ. ಓಡಿಹೋಗಿ, "ತಾತಾ, ಇನ್ನೊಂದ್ಸಲ ಬಾಯಿ ತೆಗೀತೀರಾ?" ಅಂದೆ. ಪಕ್ಕದಲ್ಲಿದ್ದ ಅವರ ಮಗ ಎದ್ದು ನಿಂತ.

"ಏನಮ್ಮಾ, ನಮ್ಮಪ್ಪ ಏನ್ ಎತ್ತಾ, ಸಂತೇಲಿ ಹಲ್ಲು ನೋಡಕ್ಕೆ?"

(ಹುಡುಗಿ ಅಂತ ಬಿಟ್ಟ. ನನ್ನ ಕ್ಲಾಸಿನ ಹುಡುಗರು ಯಾರಾದರೂ ಆಗಿದ್ದರೆ ಕಥೆ ಬೇರೆಯೇ ಆಗುತ್ತಿತ್ತು.)

ನಾನಾದರೂ ಏನು ಮಾಡಲಿ? ಆಗ ಬೆಂಗಳೂರಿನಲ್ಲಿ ಬಿಡಿಎಸ್ ಫೈನಲ್ ಇಯರ್ ಓದುತ್ತಿದ್ದೆ. ಮೊದಲ ವರ್ಷವೆಲ್ಲ ಮೇಣದಲ್ಲಿ ಹಲ್ಲು ಕೆತ್ತಿ ಕೆತ್ತಿ ಬೆರಳು ಕುಯ್ದುಕೊಂಡಾಗಿತ್ತು. ಕೆತ್ತಿದ್ದನ್ನು ತೋರಿಸಿದರೆ ನಮ್ಮ ಸರ್ ಕನ್ನಡಕ ಮೇಲೇರಿಸಿ, "ಇದು ಹಲ್ಲಾ, ಹುಣಸೆ ಬೀಜಾನಾ?" ಅಂತ ಬುಟ್ಟಿಗೆ ಎಸೆಯುತ್ತಿದ್ದರು. ಅದನ್ನೆಲ್ಲ ದಾಟಿ ಬಂದರೆ ಕೊನೆಯಲ್ಲಿ ಈ ಪರೀಕ್ಷೆ. ಒಂದೂ ಹಲ್ಲಿಲ್ಲದ ಮನುಷ್ಯರನ್ನು ನಾವೇ ಹುಡುಕಿ ತರಬೇಕು. ಅವರಿಗೆ ಪೂರ್ತಿ ಹಲ್ಲು ಸೆಟ್ ಮಾಡಿ, ಪರೀಕ್ಷೆಯ ದಿನ ಬಾಯಿಗೆ ಕೂರಿಸಿ ತೋರಿಸಬೇಕು. ಪೇಷೆಂಟ್ ಬರದಿದ್ದರೆ? ಫೇಲು. ಆರು ತಿಂಗಳು ಬಿಟ್ಟು ಮತ್ತೆ ಬರೆಯಿರಿ.

ಗುಬ್ಬಿಯಿಂದ ಬರಿಗೈಲಿ ತುಮಕೂರಿನ ಮನೆಗೆ ಬಂದೆ. ಅಮ್ಮ ರೊಟ್ಟಿ ತಟ್ಟುತ್ತಾ, "ಅಮೃತೂರಲ್ಲಿ ನಮ್ಮ ದೊಡ್ಡಮ್ಮ ಇಲ್ವೇನೇ?" ಅಂದಳು.

ಲಕ್ಕಜ್ಜಿ! ಆ ಸೀಮೆಯ ಮದುವೆ ಮನೆಗಳಲ್ಲಿ ಸೋಬಾನೆ ಅಂದರೆ ಲಕ್ಕಜ್ಜಿಯೇ. ಹಲ್ಲು ಹೋದ ಮೇಲೆ ಹಾಡುವುದನ್ನೇ ಬಿಟ್ಟಿದ್ದರು. "ಬಾಯಿ ತೆಗುದ್ರೆ ಪದ ಬರಕಿಲ್ಲ, ಬರೀ ಗಾಳಿ ಬತ್ತದೆ" ಅಂತ ಚಪ್ಪರದ ಮೂಲೆಯಲ್ಲಿ ಸುಮ್ಮನೆ ಕೂರುತ್ತಿದ್ದರಂತೆ. ನಾನು ಹೋಗಿ ಕೇಳಿದಾಗ ಒಂದೇ ಕಂಡೀಷನ್ ಹಾಕಿದರು.

"ನಾನ್ ಪದ ಹೇಳೋ ಹಂಗೆ ಆಗ್ಬೇಕು. ಆಗ್ತದಾ?"

"ಆಗುತ್ತೆ ಅಜ್ಜಿ" ಅಂದೆ. ಧೈರ್ಯದಿಂದಲ್ಲ, ಗತಿ ಇಲ್ಲದೆ.

ಪ್ರತಿ ಸಲ ಬೆಳಗಿನ ಪ್ರೈವೇಟ್ ಬಸ್ಸಲ್ಲಿ ಕುಣಿಗಲ್‌ಗೆ ಬಂದು, ಅಲ್ಲಿಂದ ಬೆಂಗಳೂರಿನ ಬಸ್ಸು ಹತ್ತಿ ಬರುತ್ತಿದ್ದರು. ಅಳತೆ ತೆಗೆಯಲು ಬಿಸಿನೀರಲ್ಲಿ ಮೆತ್ತಗೆ ಮಾಡಿದ ಕಂದು ಉಂಡೆಯನ್ನು ಬಾಯಿಗೆ ಒತ್ತಿದರೆ, "ಅಂಟಿನುಂಡೆ ಥರ ಐತೆ, ರುಚೀನೇ ಇಲ್ವಲ್ಲವ್ವ" ಅನ್ನೋರು. ಸರ್ ಬಂದು ನೋಡಿ "ರಿಪೀಟ್" ಅಂದರೆ ನನಗೆ ಅಳು ಬರುತ್ತಿತ್ತು. ಅಜ್ಜಿ ಮಾತ್ರ ಮತ್ತೆ ಬಾಯಿ ತೆರೆದು ಕೂರುತ್ತಿದ್ದರು.

ಮೇಣದ ಮೇಲೆ ಹಲ್ಲು ಜೋಡಿಸಿ ನೋಡುವ ದಿನ ಬಂತು. 'ಸ'ಕಾರ ಸರಿಯಾಗಿ ಬರುತ್ತದೆಯೇ ಅಂತ ಪರೀಕ್ಷಿಸಲು ಸರ್, "ಸಿಕ್ಸ್ಟಿ ಸಿಕ್ಸ್ ಅಂತ ಹೇಳ್ಸು" ಅಂದರು.

ಅಜ್ಜಿ ನನ್ನ ಕಡೆ ತಿರುಗಿ, "ಏನ್ ಸಿಕ್ಕುಸ್ಬೇಕಂತೆ ಅವ್ರಿಗೆ?" ಅಂದರು.

ಸರ್ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಬೇಡ ಬಿಡಿ ಅಜ್ಜಿ, ನಿಮಗೆ ಗೊತ್ತಿರೋದು ಏನಾದ್ರೂ ಹೇಳಿ" ಅಂದರು. ಲಕ್ಕಜ್ಜಿ ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಒಂದು ಸಾಲು ಸೋಬಾನೆ ಎತ್ತಿಕೊಂಡರು. ಸೊಲ್ಲು ಸೊಲ್ಲೂ ಸ್ಪಷ್ಟ. ಪಕ್ಕದ ಚೇರಿನಲ್ಲಿ ಬಾಯಿ ತೆರೆದು ಮಲಗಿದ್ದವರೂ ಎದ್ದು ಕೂತರು.

ಪರೀಕ್ಷೆಯ ದಿನ. ಹೊರರಾಜ್ಯದಿಂದ ಬಂದಿದ್ದ ಎಕ್ಸಾಮಿನರ್‌ಗೆ ಉದ್ದ ಗಡ್ಡ, ನಗುವಿಲ್ಲದ ಮುಖ. ಅಜ್ಜಿಯ ಬಾಯಿಗೆ ಸೆಟ್ ಕೂರಿಸುವಾಗ ನನ್ನ ಕೈ ಗಡಗಡ. ಅವರು ಬಗ್ಗಿ ನೋಡಿದರು. ಬೆರಳಿಂದ ಒತ್ತಿದರು. ಇಂಗ್ಲಿಷಲ್ಲಿ ಏನೋ ಕೇಳಿದರು. ಸರ್ ಅದನ್ನು ಕನ್ನಡದಲ್ಲಿ ಹೇಳಿದರು: "ಅಜ್ಜಿ, ಎಲ್ಲಾದ್ರೂ ನೋಯುತ್ತಾ?"

"ಇಲ್ಲ ಸ್ವಾಮಿ. ಸುಖವಾಗೈತೆ. ಹುಟ್ಟಿದಾಗ್ಲಿಂದ್ಲೂ ಇದ್ದಂಗೈತೆ."

(ಹುಟ್ಟುವಾಗ ಯಾರಿಗೆ ಹಲ್ಲಿರುತ್ತೆ ಅಂತ ಯಾರೂ ಕೇಳಲಿಲ್ಲ, ಪುಣ್ಯ.)

ಗಡ್ಡದವರು ತಲೆಯಾಡಿಸಿ ಮುಂದೆ ಹೋದರು. ನಾನು ಗೆದ್ದೆ ಅಂದುಕೊಂಡೆ. ಅಜ್ಜಿಯನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಇಡ್ಲಿ ಹೇಳಿದೆ. ಅಜ್ಜಿ ಮುಟ್ಟಲಿಲ್ಲ. ಗೋಡೆ ಕಡೆ ತಿರುಗಿ ಸೆಟ್ ತೆಗೆದು ಸೆರಗಲ್ಲಿ ಸುತ್ತಿಕೊಂಡರು. ಬಾಯಿ ತೆಗೆಸಿ ನೋಡಿದರೆ ಕೆಳಗಿನ ವಸಡು ಕೆಂಪಗೆ ತರಚಿತ್ತು.

"ಅಜ್ಜಿ! ನೋಯ್ತಿತ್ತಾ?"

"ಪ್ರಾಣ ಹೋಯ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ನಿನ್ ಕೈ ನಡುಗ್ತಿತ್ತು ಕಣವ್ವ. ನನ್ ನೋವು ನಾಳಿದ್ದಿಗೆ ಹೋಯ್ತದೆ ಬುಡು. ಆ ಗಡ್ಡದಯ್ಯ ನಿನ್ನ ಫೇಲ್ ಮಾಡ್ಬುಟ್ಟಿದ್ರೆ?"

ಹೊಸ ಸೆಟ್ಟು ಒತ್ತುವುದು ಮಾಮೂಲು. ಎಲ್ಲಿ ಒತ್ತುತ್ತದೆ ಅಂತ ಕೇಳಿ, ಅಲ್ಲೇ ಕೊಂಚ ಉಜ್ಜಿ ಸರಿಮಾಡಿ ತೋರಿಸಿದರೆ ಅದಕ್ಕೂ ಮಾರ್ಕ್ಸ್ ಇರುತ್ತಿತ್ತು! ಅಜ್ಜಿಗೆ ಹಾಗಂತ ಹೇಳಿದೆ.

"ಅಯ್ಯೋ ನಿನ್ನ! ಮೊದ್ಲೇ ಬೊಗಳ್ಬಾರ್ದಾ?" ಅಂತ ತಲೆಗೊಂದು ಮೊಟಕಿದರು.

ಇಬ್ಬರೂ ಲ್ಯಾಬಿಗೆ ವಾಪಸ್ ನಡೆದೆವು. ಸರ್ ಸ್ಕೂಟರಿನ ಕೀಲಿ ಹಿಡಿದು ಹೊರಟಿದ್ದವರು ನನ್ನ ಮುಖ, ಅಜ್ಜಿಯ ಸೆರಗಿನ ಗಂಟು ನೋಡಿ ಒಳಗೆ ಬಂದರು. "ಉಜ್ಜು, ನಾನಿದೀನಿ" ಅಂದಿದ್ದಷ್ಟೇ. ಯಾರೂ ಮಾರ್ಕ್ಸ್ ಹಾಕದ ಆ ಹೊತ್ತಲ್ಲಿ ನನ್ನ ಕೈ ಒಂಚೂರೂ ನಡುಗಲಿಲ್ಲ.

ನಾನು ಪಾಸಾದೆ. ಆ ಬೇಸಿಗೆ ಕುಣಿಗಲ್‌ನಲ್ಲಿ ನಮ್ಮ ನೆಂಟರ ಮದುವೆ. ಲಕ್ಕಜ್ಜಿ ಹಸೆಮಣೆಯ ಪಕ್ಕವೇ ಕೂತು ಹಾಡಿದರು, ಹೆಂಗಸರೆಲ್ಲ ದನಿಗೂಡಿಸಿದರು. ಊಟಕ್ಕೆ ಎಲೆ ಹಾಕಿದ್ದೇ ತಡ, ನಾನು ತಿಂಗಳುಗಟ್ಟಲೆ ಒದ್ದಾಡಿ ಮಾಡಿದ ಸೆಟ್ಟನ್ನು ತೆಗೆದು ಮಡಿಲಿಗಿಟ್ಟುಕೊಂಡು, ಬರೀ ವಸಡಲ್ಲೇ ಹೋಳಿಗೆ ಮುಗಿಸಿದರು! "ಹಲ್ಲು ಪದಕ್ಕೆ ಕಣವ್ವ. ಉಣ್ಣಕ್ಕೆ ಯಾಕೆ ಅಡ್ಡ?"

ಇಷ್ಟು ವರ್ಷ ತುಮಕೂರಿನಲ್ಲಿ ಕ್ಲಿನಿಕ್ ನಡೆಸಿದ್ದೇನೆ. "ನೋವು" ಅಂತ ಕೂಗುವವರ ಬಗ್ಗೆ ನನಗೆ ಚಿಂತೆಯಿಲ್ಲ, ಅವರು ಎಲ್ಲಿ ಅಂತ ತೋರಿಸುತ್ತಾರೆ. ಏನೂ ಇಲ್ಲ ಅಂತ ನಗುತ್ತಾ ಕೂತವರನ್ನೇ ನಾನು ಎರಡನೇ ಸಲ ಕೇಳುವುದು.

ನಿಮ್ಮ ಮನೆಯಲ್ಲಿ "ನಂಗೇನೂ ನೋವಿಲ್ಲಪ್ಪ" ಅನ್ನುವವರು ಯಾರು?