ಯಜ್ಞೇಶಣ್ಣನ ಬಗ್ಗಡದ ಕಡಲು

"ಅಮ್ಮ, ಯಜ್ಞೇಶ ಮಾಮ ಮೀನನ್ನ ಮಜ್ಜಿಗೇಲಿ ಯಾಕೆ ಸಾಕ್ತಾರೆ?"

ಪಕ್ಕದ ಮನೆಯಿಂದ ಓಡಿ ಬಂದ ದೀಕ್ಷಾ ಚಪ್ಪಲಿ ಬಿಡುವ ಮೊದಲೇ ಕೇಳಿದಳು. ಅರ್ಪಣಾ ದೋಸೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಬೇಲಿಯಾಚೆ ನೋಡಿದಳು. ಯಜ್ಞೇಶಣ್ಣ ಬಕೆಟ್ ಹಿಡಿದು ಹಿತ್ತಿಲಿಗೆ ಬರುವುದು, ಬಚ್ಚಲ ಗುಂಡಿಗೆ ಸುರಿಯುವುದು, ಮತ್ತೆ ಒಳಗೆ ಓಡುವುದು, ಇದೇ ನಡೆದಿತ್ತು.

"ಮಜ್ಜಿಗೆ ಅಲ್ಲ ಪುಟ್ಟಿ, ಅದು ಸಮುದ್ರದ ನೀರು" ಎಂದಳು. ಆದರೆ ಬಕೆಟ್ಟಿನಿಂದ ಬೀಳುತ್ತಿದ್ದದ್ದನ್ನು ನೋಡಿದರೆ ಮಗಳ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ.

ಬಾಳಗಡಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂದರೆ ಯಜ್ಞೇಶಣ್ಣ. ಮೂಲ ಮೇಗುಂದದ ಕಡೆ. ತೋಟವನ್ನು ತಮ್ಮನಿಗೆ ಒಪ್ಪಿಸಿ ಬಂದವರು. ಅಡಿಕೆ ಸಸಿ ನೆಟ್ಟು ಫಲಕ್ಕೆ ಕಾಯುವ ಕೆಲಸ ಅವರದ್ದಲ್ಲ. ಕಾಳುಮೆಣಸಿನ ಬಳ್ಳಿ ನೆಟ್ಟು, ಬೇರು ಬಂತೋ ಇಲ್ಲವೋ ಅಂತ ಕಿತ್ತು ನೋಡಿ, ಮತ್ತೆ ನೆಟ್ಟ ಪುಣ್ಯಾತ್ಮ. ಜೇನು ಪೆಟ್ಟಿಗೆ ಇಟ್ಟು ದಿನಾ ಮುಚ್ಚಳ ತೆಗೆದು ನೋಡಿದ್ದಕ್ಕೆ ಹುಳಗಳೇ ಬೇಸತ್ತು ಎದ್ದು ಹೋದವು. ಮದುವೆ ಮನೆಯಲ್ಲಿ ಅವರನ್ನು ಊಟದ ಪಂಕ್ತಿಯಲ್ಲಿ ಹುಡುಕಬಾರದು. ಅಡುಗೆಯವರ ಗ್ರೈಂಡರ್ ಬಿಚ್ಚಿಕೊಂಡು ಒಳಗೆ ಕೂತಿರುತ್ತಾರೆ.

ಯಾರ ಮನೆಯ ಬಾವಿ ನೀರು ಬಗ್ಗಡವಾದರೂ ಫೋನು ಹೋಗುವುದು ಅವರಿಗೇ. ಪಂಪು ಇಳಿಸಿ ನೀರೆಲ್ಲ ಖಾಲಿ ಮಾಡಿ, ಗೋಡೆ ತಿಕ್ಕಿ, ತಳದಲ್ಲಿ ನೆಲ್ಲಿ ಮರದ ಕೊರಡು ಇಟ್ಟು ಬಂದರೆ ಮುಗಿಯಿತು. ಹೊಸ ಒರತೆ ಕನ್ನಡಿಯ ಹಾಗೆ. ಬಗ್ಗಡಕ್ಕೆ ಅವರು ಕಂಡ ಮದ್ದು ಅದೊಂದೇ.

ಅವರ ಹೆಂಡತಿ ಶ್ರೀವಾಣಿ ಅಕ್ಕ ಶಾಲೆಯಲ್ಲಿ ಸಣ್ಣ ಮಕ್ಕಳ ಟೀಚರ್. ಬೆನ್ನಿನ ಡಿಸ್ಕ್ ಜಾರಿ ಮಂಚ ಹಿಡಿದಿದ್ದರು. ಅಲುಗಾಡದೆ ಮಲಗಬೇಕೆಂದು ಡಾಕ್ಟರು ಹೇಳಿದ್ದರು. "ಈ ಕೋಣೇಲಿ ಅಲ್ಲಾಡೋದು ಅಂದ್ರೆ ಫ್ಯಾನ್ ಒಂದೇ" ಎಂದು ಅವರು ಒಮ್ಮೆ ಅಂದದ್ದು ಗಂಡನ ತಲೆ ಹೊಕ್ಕಿತು. ಬಿಡಿಭಾಗ ತರಲು ಮಂಗಳೂರಿಗೆ ಹೋದವರು ಗಾಜಿನ ತೊಟ್ಟಿ, ಕಡಲ ಕಲ್ಲು, ಮರಳು, ಬಾವಿ ನೀರನ್ನು ಕಡಲ ನೀರು ಮಾಡುವ ಉಪ್ಪಿನ ಪ್ಯಾಕೆಟ್ಟು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು, ಎಲ್ಲ ಹೇರಿಕೊಂಡು ಬಂದರು. ಸಿಹಿನೀರಿನ ಮೀನು ಸಾಕಾಗ್ತಿರಲಿಲ್ವಾ ಎಂದು ಅರ್ಪಣಾ ಕೇಳಿದರೆ, "ಇದಕ್ಕೆ ಪಂಪು ಜಾಸ್ತಿ ಬೇಕು ಮಾರಾಯ್ತಿ!" ಎಂದು ಕಣ್ಣರಳಿಸಿದ್ದರು.

ಮಾರನೆಯ ದಿನವೇ ನೀರು ಬೆಳ್ಳಗಾಯಿತು. ಯಜ್ಞೇಶಣ್ಣ ಬಾವಿಗೆ ಮಾಡುವುದನ್ನೇ ತೊಟ್ಟಿಗೂ ಮಾಡಿದರು. ತೊಳೆದರೆ ಒಂದು ದಿನ ತಿಳಿ, ಆಮೇಲೆ ಮತ್ತೆ ಮಜ್ಜಿಗೆ. ಹಾಗಾಗಿ ಮತ್ತೆ ತೊಳೆದರು.

ಆ ಬೆಳಿಗ್ಗೆ ಅರ್ಪಣಾ ದೋಸೆ ತೆಗೆದುಕೊಂಡು ಹೋದಾಗ ಹೊಸ ನೀರೂ ಮಸುಕಾಗಿತ್ತು. ಮೀನೆರಡೂ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

"ನೋಡು ಅರ್ಪಣಾ" ಎಂದರು ಶ್ರೀವಾಣಿ ಅಕ್ಕ. "ಬೆನ್ನು ಹೋದದ್ದು ನಂದು, ಒದ್ದಾಡೋದು ಇವರು."

"ನೀನು ಸುಮ್ನಿರು ಮಾರಾಯ್ತಿ, ಇನ್ನೊಂದ್ಸಲ ತೊಳೆದ್ರೆ—"

"ತೊಳೆದು ತೊಳೆದು ಅವನ್ನ ಕೊಲ್ತೀರಿ." ಅಕ್ಕನ ದನಿ ಸಣ್ಣಗಾಯಿತು. "ಮೊದಲು ನಿಮಗೆ ಬೇಜಾರಾಗ್ಬಾರ್ದು ಅಂತ ನೋಡ್ತಿದ್ದೆ. ಈಗ ಬೆಳಿಗ್ಗೆ ಕಣ್ಣು ಬಿಟ್ಟ ಕೂಡ್ಲೇ ಹುಡುಕೋದೇ ಅವನ್ನ. ಅವೂ ಹೋದ್ರೆ ನನಗೆ ಮತ್ತೆ ಬರೀ ಗೋಡೆ."

ಯಜ್ಞೇಶಣ್ಣನ ಕೈಯಲ್ಲಿದ್ದ ಬಕೆಟ್ಟು ನೆಲಕ್ಕಿಳಿಯಿತು. ಅರ್ಪಣಾ ಅವರ ಫೋನನ್ನೇ ತೆಗೆದುಕೊಂಡು ಮಂಗಳೂರಿನ ಅಂಗಡಿಯವರಿಗೆ ಹಚ್ಚಿ, ಸ್ಪೀಕರ್ ಹಾಕಿ ಕೊಟ್ಟಳು.

"ಎಷ್ಟು ಸಲ ನೀರು ಬದಲಿಸಿದ್ರಿ?" ಅಂಗಡಿಯವರು ಕೇಳಿದರು.

"ಬಿಳುಪು ಬಂದಾಗೆಲ್ಲ."

"ಕಲ್ಲು?"

"ಕ್ಲೀನಾಗಿ ತಿಕ್ಕಿದ್ದೀನಿ. ತೆಂಗಿನ ನಾರು ಹಾಕಿ, ಬಾವಿ ನೀರಲ್ಲಿ. ನೆಲ್ಲಿ ಕೊರಡೂ ಇಟ್ಟಿದ್ದೀನಿ."

ಅಂಗಡಿಯವರು ಕೂಗಿಯೇಬಿಟ್ಟರು. "ಎಂತ ಮಾರಾಯ್ರೆ ನೀವು! ಆ ಕಲ್ಲಿನ ಮೇಲಿನ ಜೀವಾಣುಗಳೇ ಅಲ್ವಾ ನೀರು ಶುದ್ಧ ಮಾಡೋದು? ಕೆಲಸಕ್ಕೆ ಬಂದವರನ್ನೆಲ್ಲ ತೊಳೆದು ಹೊರಗೆ ಹಾಕಿದ್ರಲ್ಲ!"

ಶ್ರೀವಾಣಿ ಅಕ್ಕ ನಗು ತಡೆಯಲು ಹೋಗಿ ಬೆನ್ನು ಹಿಡಿದುಕೊಂಡರು.

"ಈಗ ಏನು ಹಾಕ್ಲಿ ಹೇಳಿ."

"ಏನೂ ಹಾಕ್ಬೇಡಿ. ಕೊರಡು ತೆಗೀರಿ. ಗಾಳಿ ಗುಳ್ಳೆ ಜೋರು ಬಿಡಿ. ತಿನ್ನೋಕೆ ಒಂದು ಚಿಟಿಕೆ, ಅದೂ ದಿನ ಬಿಟ್ಟು ದಿನ. ಹೊಸ ತೊಟ್ಟೀಲಿ ನೀರಲ್ಲಿ ತೇಲೋ ಬೇರೆ ಜೀವಾಣು ಹೆಚ್ಚಾಗಿಯೇ ನೀರು ಬೆಳ್ಳಗಾಗೋದು, ಕಲ್ಲಿನವು ಬೆಳೆದ ಹಾಗೆ ತಾನಾಗಿ ಇಳೀತದೆ. ನೀವು ಕೈ ಕಟ್ಟಿ ಕೂತ್ಕೊಳ್ಳಿ."

"ಎಷ್ಟು ದಿನ?"

"ಸಂಜೆಗೆ ಕೊಡ್ತೇನೆ ಅನ್ನೋಕೆ ಅದು ನಿಮ್ಮ ಪಂಪು ಅಲ್ಲ!"

ಕೊರಡು ಹೊರಗೆ ಬಂತು, ಗುಳ್ಳೆ ಜೋರಾಯಿತು. ಕೈ ಕಟ್ಟುವುದೇ ಕಷ್ಟವಾಯಿತು. ಯಜ್ಞೇಶಣ್ಣ ತಮ್ಮ ರಿಪೇರಿ ಅಂಗಡಿಯಲ್ಲಿ ಬಾಕಿ ಇದ್ದ ಮೋಟಾರುಗಳನ್ನೆಲ್ಲ ಮುಗಿಸಿದರು. ಮನೆಯ ಬಾಗಿಲುಗಳ ಕೀಲಿಗೆ ಎಣ್ಣೆ ಬಿಟ್ಟರು. ಸರಿಯಾಗಿಯೇ ತಿರುಗುತ್ತಿದ್ದ ಫ್ಯಾನನ್ನು ಇಳಿಸಿ ಏರಿಸಿದರು. ತೊಟ್ಟಿಯ ಹತ್ತಿರ ಸುಳಿದರೆ ಮಂಚದಿಂದ "ಹೋಯ್, ಕೈ!" ಎಂಬ ಕೂಗು. ತಾವು ಒದ್ದಾಡದೆ ಮಲಗುವುದನ್ನು ಎಷ್ಟು ಕಷ್ಟಪಟ್ಟು ಕಲಿತಿದ್ದರೋ, ಅದನ್ನೇ ಗಂಡನಿಗೂ ಕಲಿಸಲು ಶ್ರೀವಾಣಿ ಅಕ್ಕ ಹಟ ಹಿಡಿದಂತಿತ್ತು.

ನೀರು ಮೊದಲು ಇನ್ನೂ ದಪ್ಪಗಾಯಿತು. ಅರ್ಪಣಾಳಿಗೂ ಕಳವಳ, ಬಟ್ಟೆ ಒಣಹಾಕುವಾಗಲೂ ಕಿವಿ ಬೇಲಿಯಾಚೆಗೆ. ಆದರೆ ಮೀನುಗಳು ಮೇಲೆ ಬಂದು ಬಾಯಿ ಬಿಡುವುದು ಕಡಿಮೆಯಾಗಿತ್ತು. ಆಮೇಲೊಂದು ಮಧ್ಯಾಹ್ನ, ಕಿಟಕಿಯ ಬೆಳಕಿಗೆ, ಕಲ್ಲಿನ ಅಂಚು ಗೆರೆ ಎಳೆದ ಹಾಗೆ ಕಂಡಿತು. ಅದರ ಪಕ್ಕದಲ್ಲಿ ಎರಡೂ ಇದ್ದವು, ಹಾಕಿದ ಚಿಟಿಕೆಯನ್ನು ಜಗಳವಾಡಿಕೊಂಡು ತಿನ್ನುತ್ತಾ. ಶ್ರೀವಾಣಿ ಅಕ್ಕ ಅರ್ಪಣಾಳ ಕೈ ಹಿಡಿದು ಒತ್ತಿದರು.

ಅವಳು ಮನೆಗೆ ಬಂದು ಕೂತಿರಲಿಲ್ಲ, ಯಜ್ಞೇಶಣ್ಣ ಹಿಂದೆಯೇ ಬಂದು ಜಗಲಿಯಲ್ಲಿ ನಿಂತರು. ಕೂತುಕೊಳ್ಳಿ ಅಂದರೆ ಕೂರಲಿಲ್ಲ. ಅಂಗಿಯ ಗುಂಡಿ ತಿರುಪುತ್ತಲೇ ಇದ್ದರು.

"ಅರ್ಧ ಇಳಿದಿದೆ ಅರ್ಪಣಾ. ಈಗ ಒಂದೇ ಒಂದು ಬಕೆಟ್ ತೆಗೆದು ಬದಲಿಸಿದ್ರೆ, ಪೂರ್ತಿ ತಿಳಿಯಾಗ್ತದೆ."

"ಯಜ್ಞೇಶಣ್ಣ!"

"ಗೊತ್ತು ಮಾರಾಯ್ತಿ, ಗೊತ್ತು. ಅದಕ್ಕೇ ಅಲ್ಲಿಂದ ಓಡಿ ಬಂದೆ. ಅಂಗಡೀಲೂ ಕೆಲಸ ಇಲ್ಲ. ಅಲ್ಲೇ ಇದ್ರೆ ಕೈ ಹಾಕಿಬಿಡ್ತೀನಿ, ಅವಳು ಈಗಷ್ಟೇ ನಗ್ತಾ ಇದ್ದಾಳೆ." ಅವರು ಅಡುಗೆ ಮನೆಯ ಕಡೆ ಕತ್ತು ಚಾಚಿದರು. "ಒಂದು ಉಪಕಾರ ಮಾಡು. ಹಾಳಾಗಿದ್ದು ಏನಾದ್ರೂ ಇದ್ರೆ ಕೊಡು."

"ಏನೂ ಹಾಳಾಗಿಲ್ವಲ್ಲ. ಹಾಳಾಗೋಕೆ ನೀವು ಬಿಟ್ರೆ ತಾನೆ!"

"ಮಿಕ್ಸಿ?"

"ಚೆನ್ನಾಗಿದೆ."

"ಚೆನ್ನಾಗಿದ್ರೂ ಅಡ್ಡಿಯಿಲ್ಲ. ಬಿಚ್ಚಿ, ಒರೆಸಿ, ಹಾಗೇ ಕೂರಿಸಿ ಕೊಡ್ತೀನಿ. ಶ್ರೀವಾಣಿ ಕೇಳಿದ್ರೆ ಮಾತ್ರ, ಕೆಟ್ಟಿತ್ತು ಅಂತ ನೀನೇ ಹೇಳ್ಬೇಕು."